ಕೀಲಿ ನನ್ನ ಜೇಬಿನಲ್ಲಿತ್ತು

ನಾನು ಚಿಕ್ಕವನಿದ್ದಾಗ, ಮೊಹರಂ ಬಂತೆಂದರೆ ಕಮಲಾಪುರದ ಊರಿಗೆ ಊರೇ ನಮ್ಮ ಮನೆ ಮುಂದೆ ಸೇರುತ್ತಿತ್ತು. ಹಿಂದೂಗಳು, ಮುಸಲ್ಮಾನರು ಎಲ್ಲರೂ ಅಲಾಯಿ ದೇವರು ಎಂದು ಕರೆಯುವ ಬೆಳ್ಳಿಯ ಹಸ್ತಗಳು ನಮ್ಮ ಸಂದೂಕದಲ್ಲಿದ್ದವು. ವರ್ಷಕ್ಕೊಮ್ಮೆ ಅವನ್ನು ಹೊರತೆಗೆದು ಕೂರಿಸುವ ಮುಜಾವರಿಕೆಯ ಸೇವೆ ನಮ್ಮ ತಂದೆ ಅಬ್ಬಾನದು. ಸಂದೂಕವನ್ನು ಕೀಲಿಯಿಂದಲೇ ತೆರೆಯಬೇಕು, ಬೀಗ ಒಡೆದರೆ ಊರಿಗೆ ಕೇಡು ಎಂಬ ಕಟ್ಟಳೆಯಿತ್ತು.

ಆ ವರ್ಷ ನನ್ನ ಭಾಯಿ, ಅಂದರೆ ದೊಡ್ಡಣ್ಣ, ನಾಲ್ಕು ತಿಂಗಳು ಊರೂರಿಗೆ ಹೋಗಿ ಉಪದೇಶ ಮಾಡುವ ಜಮಾತಿನ ಜೊತೆ ದೇಶ ತಿರುಗಿ ಬಂದಿದ್ದ. ಅವನ ಹಿಂದೆಯೇ ಹಾಸಿಗೆ ಸುತ್ತಿ ಹೆಗಲಿಗೇರಿಸಿಕೊಂಡ ಎಂಟು ಜನ ಕಲಬುರಗಿ ಬಸ್ಸಿನಿಂದ ಇಳಿದರು. ಇಬ್ಬರು ಮಲೇಶಿಯಾದವರು, ಒಬ್ಬ ಎತ್ತರದ ಮುದುಕ ಸುಡಾನಿನವನು. ಮಸೀದಿಯಲ್ಲೇ ಮಲಗಿ, ತಾವೇ ಬೇಳೆ ಬೇಯಿಸಿಕೊಂಡು, ಮನೆಮನೆಗೆ ಹೋಗಿ ನಮಾಜಿಗೆ ಕರೆಯುತ್ತಿದ್ದರು. ಅಷ್ಟು ದೂರದ ಜನ ನಮ್ಮ ಬಾವಿ ನೀರು ಕುಡಿಯುವುದನ್ನು ನೋಡಲು ನಾನು ಊಟ ಬಿಟ್ಟು ಓಡುತ್ತಿದ್ದೆ. ಭಾಯಿ ಅವರ ಜೊತೆ ಅರಬ್ಬಿಯಲ್ಲಿ ಎರಡು ಮಾತಾಡಿದರೆ ನನಗೇ ಕೋಡು ಮೂಡುತ್ತಿತ್ತು.

ಅಲಾಯಿ ತೆಗೆಯುವ ದಿನ ಬೆಳಿಗ್ಗೆ ಭಾಯಿ ಗೋಡೆಯ ಗೂಡಿನಲ್ಲಿದ್ದ ಸಂದೂಕದ ಕೀಲಿ ತೆಗೆದು ನನ್ನ ಜೇಬಿಗೆ ಹಾಕಿದ. "ಯಾರಿಗೂ ಕೊಡಬ್ಯಾಡ. ನನ್ನ ಮ್ಯಾಲ ಆಣಿ" ಎಂದ.

ಮಧ್ಯಾಹ್ನಕ್ಕೆ ಹಲಗಿ ಬಾರಿಸತೊಡಗಿದರು. ಲೋಬಾನದ ಹೊಗೆ ಅಂಗಳ ತುಂಬಿತು. ಅಬ್ಬಾ ಗೂಡು ತಡಕಿದ, ಸಿಗಲಿಲ್ಲ. ತಿರುಗಿ ನೋಡಿದರೆ ಭಾಯಿ ಸಂದೂಕಕ್ಕೆ ಅಡ್ಡ ನಿಂತಿದ್ದ.

"ಅಬ್ಬಾ, ಬೆಳ್ಳಿಗಿ ಕೈ ಮುಗಿಯೋದು ದೀನ್ ಅಲ್ರೀ, ನಮ್ಮ ಧರ್ಮ ಅಲ್ರೀ. ಈ ಸಲ ತೆಗಿಬ್ಯಾಡ್ರಿ."

"ನಾಲ್ಕು ತಿಂಗಳ ತಿರುಗಿ ಬಂದು ನನಗ ದೀನ್ ಕಲಿಸ್ತಿ? ನಿಮ್ಮ ಅಜ್ಜಗ ಗೊತ್ತಿದ್ದಿಲ್ಲೇನು?"

"ಅಜ್ಜಗ ಹೇಳವ್ರು ಯಾರೂ ಬಂದಿದ್ದಿಲ್ರೀ. ನಾಳೆ ಅಲ್ಲಾ ನಿಮ್ಮನ್ನ ಕೇಳಿದ್ರ ನಾ ಏನ್ ಮಾಡ್ಲಿ?" ಭಾಯಿಯ ಕಣ್ಣು ತುಂಬಿತ್ತು. ಅವನಿಗೆ ಅಬ್ಬಾನ ಮೇಲೆ ಸಿಟ್ಟಿರಲಿಲ್ಲ, ಅಲ್ಲಾನ ಮುಂದೆ ಅಬ್ಬಾನ ಗತಿ ಏನೋ ಎಂಬ ಭಯವಿತ್ತು. ಆ ವಯಸ್ಸಿನಲ್ಲಿ ನನಗದು ತಿಳಿಯಲಿಲ್ಲ.

ಹೊಸ್ತಿಲ ಹೊರಗೆ ಪಕ್ಕದ ಮನೆಯ ಅಕ್ಕ ಜ್ವರದ ಕೂಸನ್ನು ಮಡಿಲಲ್ಲಿಟ್ಟುಕೊಂಡು, ಬೆಳಗಿನಿಂದ ಉಪವಾಸ ಕೂತಿದ್ದಳು. ಅಲಾಯಿಯ ಕೆಂಪು ದಾರ ಕಟ್ಟಿದರೆ ಕೂಸು ಉಳಿಯುತ್ತದೆ ಎಂದು ಅವಳ ನಂಬಿಕೆ. "ಇನ್ನಾ ಎಷ್ಟೊತ್ತರೀ ಚಾಚಾ?" ಎಂದು ಕೇಳಿದಳು. ಅಬ್ಬಾ ತಲೆ ತಗ್ಗಿಸಿದ. ಊರ ಮುಂದೆ ಅಬ್ಬಾ ತಲೆ ತಗ್ಗಿಸಿದ್ದನ್ನು ನಾನು ಎಂದೂ ನೋಡಿರಲಿಲ್ಲ.

ಅತ್ತ ದರಿ, ಇತ್ತ ಪುಲಿ. ಜೇಬಿನಲ್ಲಿ ಕೀಲಿ ಬೆವರಿಗೆ ಒದ್ದೆಯಾಗಿತ್ತು. ತೆಗೆದು ಅಬ್ಬಾನ ಕೈಗಿಟ್ಟೆ.

ಭಾಯಿ ಬೈಯಲಿಲ್ಲ. ನನ್ನನ್ನೊಮ್ಮೆ ನೋಡಿ, ಚಪ್ಪಲಿಯನ್ನೂ ಮೆಟ್ಟದೆ ಮಸೀದಿಗೆ ಹೋದ. ಸಂಜೆ ಅಮ್ಮಿ ಮಾಡಿದ ಮೊಹರಂನ ಸಿಹಿ ರೊಟ್ಟಿ, ಚೊಂಗೆ, ಮಸೀದಿಗೆ ಒಯ್ದೆ. ಭಾಯಿ ಮುಖ ತಿರುಗಿಸಿದ. ಸುಡಾನಿನ ಮುದುಕನಿಗೆ ನಮ್ಮ ಮನೆಯ ಜಗಳವೇನು ಗೊತ್ತು? ನಗುತ್ತ ಒಂದು ಚೊಂಗೆ ಮುರಿದು, ಅರ್ಧ ಭಾಯಿಯ ಕೈಗಿಟ್ಟ. ಭಾಯಿ ಅದನ್ನು ಹಿಡಿದುಕೊಂಡೇ ಕೂತ, ತಿನ್ನಲಿಲ್ಲ.

ಅಕ್ಕನ ಕೂಸು ಉಳಿಯಿತು. ಅಂದು ಕಟ್ಟಿದ ದಾರದಿಂದಲೋ, ಕಲಬುರಗಿ ಡಾಕ್ಟರರ ಸೂಜಿಯಿಂದಲೋ ನನಗೆ ಗೊತ್ತಿಲ್ಲ. ಅಬ್ಬಾ ಸರಿಯೋ ಭಾಯಿ ಸರಿಯೋ, ಅದೂ ಇವತ್ತಿಗೂ ಗೊತ್ತಿಲ್ಲ.

ಮಕ್ಕಳೇ, ಆಗ ಒಂದು ಉಪದೇಶ ನಮ್ಮೂರಿಗೆ ಬರಬೇಕಾದರೆ ಯಾರೋ ಹಾಸಿಗೆ ಹೊತ್ತು ಬರಬೇಕಿತ್ತು. ಈಗ ಕಲಬುರಗಿಯ ಗಾಜಿಪುರದ ಈ ಮನೆಯಲ್ಲಿ ಹತ್ತು ದೇಶದ ಮೌಲಾನಾಗಳು ನಿಮ್ಮ ಅಂಗೈಯಲ್ಲೇ ಮಾತಾಡುತ್ತಾರೆ. ಕೇಳಿ, ಬೇಡ ಅನ್ನುವುದಿಲ್ಲ. ಆದರೆ ನಿನ್ನೆ ಯಾವ ಮೌಲಾನಾ ಸರಿ ಎಂದು ಕಿತ್ತಾಡಿ ನೀವಿಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಉಂಡಿರಿ. ಭಾಯಿ ಆಮೇಲೆ ನಮ್ಮ ಮನೆಯಲ್ಲಿ ಒಂದು ತುತ್ತೂ ಉಣ್ಣಲಿಲ್ಲ, ಅಬ್ಬಾ ತೀರಿಕೊಂಡ ದಿನವೂ. ಏಳಿ, ತಾಟು ತನ್ನಿರಿ, ಇಬ್ಬರಿಗೂ ಒಂದೇ ತನ್ನಿರಿ.