ಗದಿಗೆವ್ವ ಆರಿಸಿದ ಕಾವಲುಗಾರರು

ಬೆಳ್ಳಟ್ಟಿಯಲ್ಲಿ ಎತ್ತು, ಸೊಸೆ, ಗಡಿಗೆ ಈ ಮೂರನ್ನು ಆರಿಸಬೇಕಾದರೆ ಗಿರಣಿ ಗದಿಗೆವ್ವನಿಗೆ ಕರೆ ಹೋಗುತ್ತಿತ್ತು. ಎತ್ತಿನ ಹಲ್ಲು ಎಣಿಸುವಳು, ಗಡಿಗೆಯನ್ನು ಬೆರಳಲ್ಲಿ ಬಡಿದು ಕಿವಿಗೊಡುವಳು. ಸೊಸೆಯನ್ನು ಹೇಗೆ ಪರೀಕ್ಷಿಸುತ್ತಿದ್ದಳೋ, ಸ್ವಂತ ಸೊಸೆ ಶೈಲಾಳ ನಾಲಿಗೆಯಂತೂ ಆ ಪರೀಕ್ಷೆಯಲ್ಲಿ ನುಸುಳಿ ಬಂದಿತ್ತು.

ತೀರಿಹೋದ ಗಂಡನ ಹಿಟ್ಟಿನ ಗಿರಣಿಗೆ ಖಾರ ಕುಟ್ಟುವ ಯಂತ್ರ ಕೂಡಿಸಿ, ತನ್ನದೇ ಒಂದು ಟಿ.ಸಿ. ಹಾಕಿಸಿಕೊಂಡ ಗಟ್ಟಿಗಿತ್ತಿ ಆಕೆ. ಟಿ.ಸಿ. ಎಂದರೆ ನಮ್ಮ ಕಡೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್. ಹಿಂದಿನ ವರ್ಷ ಅದು ಸಿಡಿಲಿಗೆ ಸುಟ್ಟು, ದುರಸ್ತಿಯಾಗಿ ಬರುವಷ್ಟರಲ್ಲಿ ಊರ ಮೆಣಸಿನಕಾಯಿಯೆಲ್ಲ ಶಿಗ್ಲಿಯ ಗಿರಣಿಯಲ್ಲಿ ಪುಡಿಯಾಗಿತ್ತು. ಇನ್ನೊಮ್ಮೆ ಸುಟ್ಟರೆ ಗಿರಾಕಿಗಳಿಗೆ ಶಿಗ್ಲಿಯ ದಾರಿಯೇ ರೂಢಿಯಾಗುತ್ತದೆ. ಹಾಗಾಗಿ ಸಿಡಿಲು ತಡೆಯುವ ಅರೆಸ್ಟರುಗಳನ್ನು ಮೂರು ತಂತಿಗೆ ಒಂದೊಂದರಂತೆ ಆರಿಸಲು ತಾನೇ ಗದಗಿಗೆ ಹೋದಳು.

ಅಂಗಡಿಯ ಮೌನೇಶ ಮೊಳಕೈಗಿಂತ ಗಿಡ್ಡದೊಂದನ್ನು ಮುಂದಿಟ್ಟ.

“ಯವ್ವಾ, ನಿಮ್ಮದು ಹನ್ನೊಂದು ಕೆ.ವಿ. ಲೈನ್. ಅದಕ್ಕ ಈ ಒಂಬತ್ತರದು ಬರೋಬ್ಬರಿ ಆಗತೈತ್ರಿ.”

“ಹನ್ನೊಂದರ ಹೋರಿಗೆ ಒಂಬತ್ತರ ಹಗ್ಗ ಏನಲೇ? ಮೂಲ್ಯಾಗ ನಿಂತಾವಲ್ಲ, ಅವನ್ನ ಕೊಡು.”

“ಅವು ಮೂವತ್ತರವು, ದೊಡ್ಡ ಲೈನಿಗೆ ಹಾಕೂವು. ಅರೆಸ್ಟರು ಅಂದ್ರ ಕೆರಿ ಕೋಡಿ ಇದ್ದಂಗ್ರಿ, ಸಿಡ್ಲಿನ ಹೆಚ್ಚಿನ ಕರೆಂಟ್ ನೆಲಕ್ಕ ಹರಸತೈತಿ. ಕೋಡೀನ ಏರಿಗಿಂತ ಎತ್ತರ ಕಟ್ಟಿದ್ರ ಹೆಚ್ಚಿನ ನೀರು ಎಲ್ಲಿ ಹರೀಬೇಕು? ಏರೀನ ಒಡೀತೈತಿ.”

“ಕೆರಿ ಬ್ಯಾರೆ, ಕರೆಂಟ್ ಬ್ಯಾರೆ. ನನಗ ಕಲಸಾಕ ಬರಬ್ಯಾಡ.”

ಗದಿಗೆವ್ವ ದೊಡ್ಡದನ್ನು ಬೆರಳಿನಿಂದ ಬಡಿದಳು. ಪಿಂಗಾಣಿ ಠಣ್ಣೆಂದಿತು. ಅಲ್ಲಿಗೆ ಪರೀಕ್ಷೆ ಮುಗಿಯಿತು. ಮೌನೇಶ ಒಮ್ಮೆ ಬೇಡವೆಂದ, ಮತ್ತೊಮ್ಮೆ ಬೇಡವೆಂದ. ಎಷ್ಟೆಂದರೂ ವ್ಯಾಪಾರಿ, ಆಮೇಲೆ ಗಾಡಿಗೆ ಹೇರಿಸಿದ.

ಅಶ್ವಿನಿ ಮಳೆ ಒಂದೇ ಸಿಡಿಲಿನೊಂದಿಗೆ ಬಂತು. ಟಿ.ಸಿ. ಎಣ್ಣೆ ಕಕ್ಕಿ ಹೊಗೆಯಾಡಿತು. ಮೂರು ಅರೆಸ್ಟರುಗಳು ಮಾತ್ರ ಮದುವೆಗೆ ಬಂದ ಬೀಗರಂತೆ, ಮೈಗೆ ಒಂದು ಕಲೆಯೂ ಇಲ್ಲದೆ ನಿಂತಿದ್ದವು.

“ನೋಡ್ರಿ ಮಾಲು! ಇಂಥಾ ಸಿಡ್ಲಿಗೂ ಜಗ್ಗಿಲ್ಲ,” ಎಂದಳು ಗದಿಗೆವ್ವ, ನೆರೆದವರಿಗೆ.

“ಖರೆ ಐತ್ರಿ ಅತ್ತಿ,” ಎಂದಳು ಶೈಲಾ. “ಕಾವಲುಗಾರ ಆರಾಮ ಅದಾನ. ಕಳುವಾಗಿದ್ದು ಮನಿ ಅಷ್ಟ.”

ಮರುದಿನ ಮೆಣಸಿನಕಾಯಿಯ ಚೀಲಗಳು ಟಂಟಂ ಆಟೋ ಏರಿ ಗಿರಣಿಯ ಮುಂದಿನಿಂದಲೇ ಶಿಗ್ಲಿಯತ್ತ ಹೋದವು. ಗದಿಗೆವ್ವ ಕಟ್ಟೆಯ ಮೇಲೆ ಕೂತು ನೋಡಿದಳು. ಎರಡನೆಯ ಟಂಟಂ ದಾಟಿದ ಮೇಲೆ ಫೋನು ತೆಗೆದಳು.

“ಮೌನೇಶ, ಬಾಡಿಗಿ ಟಿ.ಸಿ. ಒಂದು ತಗೊಂಡು ಬಾ. ಬರೂವಾಗ ಆ ನಿನ್ನ ಕೋಡಿನೂ ತಗೊಂಡು ಬಾ.”

ಭರಣಿ ಮಳೆಯಲ್ಲಿ ಮತ್ತೆ ಸಿಡಿಲು ಹೊಡೆಯಿತು. ಗಿಡ್ಡ ಅರೆಸ್ಟರುಗಳಲ್ಲಿ ಒಂದು ಒಡೆದು ಚೂರಾಯಿತು, ಟಿ.ಸಿ.ಗೆ ಏನೂ ಆಗಲಿಲ್ಲ. ಮೌನೇಶ ಬಂದು ಅದೊಂದನ್ನು ಬದಲಿಸಿದ ಕೂಡಲೇ ಗಿರಣಿ ಶುರುವಾಯಿತು, ಕಟ್ಟೆಯ ಮೇಲೆ ಕೂತವರಿಗೆ ಖಾರದ ಸೀನೂ ಶುರುವಾಯಿತು. ಗದಿಗೆವ್ವ ಚೂರುಗಳನ್ನು ಕಾಲಿನಿಂದ ಸರಿಸಿದಳು.

“ಕಚ್ಚಾ ಮಾಲು. ಒಂದ ಸಿಡ್ಲಿಗೆ ಜೀವಾ ಬಿಟ್ಟೈತಿ,” ಎಂದು ಬೈಯುತ್ತಲೇ ಯಂತ್ರಕ್ಕೆ ಮೆಣಸಿನಕಾಯಿ ಸುರಿದಳು. “ಇಂಥಾವ ಇನ್ನೆರಡು ಇಟ್ಟು ಹೋಗಲೇ.”

ಆ ಮೂವತ್ತರವುಗಳಲ್ಲಿ ಒಂದು ಈಗ ಗಿರಣಿಯ ಬಾಗಿಲು ಗಾಳಿಗೆ ಬಡಿಯದಂತೆ ಹಿಡಿದಿದೆ. ಆ ಕೆಲಸಕ್ಕೆ ಬೇಕಾದದ್ದು ತೂಕವೇ. ಊರಲ್ಲಿ ಯಾರಾದರೂ ಟಿ.ಸಿ. ಕೂಡಿಸುವುದಾದರೆ ಗದಿಗೆವ್ವನನ್ನೇ ಕೇಳುತ್ತಾರೆ. ಆಕೆ ಕುಳ್ಳಿರಿಸಿ, ಚಹಾ ಕೊಟ್ಟು, ತನ್ನದೇ ಮಾತೆಂಬಂತೆ ಶುರುಮಾಡುತ್ತಾಳೆ:

“ಕೆರಿ ಕೋಡಿ ನೋಡೀಯೇನ ತಮ್ಮಾ?”