ಸೋಮಯ್ಯನ ಸುಣ್ಣದ ಚೊಂಬು

ಹೊಂಗಡಹಳ್ಳದ ಹತ್ತಿರದ ಎಸ್ಟೇಟಿನಲ್ಲಿ ಸೋಮಯ್ಯ ಕಾಫಿ ಗಿಡಗಳಿಗೆ ಹೊಡೆಯುವ ಮದ್ದು ಕಲಸುವವನು. ಪ್ರಾಯದಲ್ಲಿ ಪಂಪು ಹೊತ್ತು ಹೊತ್ತು ಹೆಗಲು ಸೋತ ಮೇಲೆ ಡ್ರಮ್ಮಿನ ಬಳಿ ನಿಂತವನು ಅಲ್ಲೇ ನಿಂತುಬಿಟ್ಟ. ಮೈಲುತುತ್ತದ ನೀರಿಗೆ ಸುಣ್ಣದ ನೀರು ಸೇರಿಸಿ, ಕುಡುಗೋಲು ಅದ್ದಿ ನೋಡುವನು. ಅಲಗಿನ ಮೇಲೆ ಕೆಂಪು ಕೂತರೆ ಎಲೆ ಸುಡುತ್ತದೆಂದು ಇನ್ನೊಂದು ಚೊಂಬು ಸುಣ್ಣ. ಅವನು ತಲೆಯಾಡಿಸಿದ ಮೇಲೆ ಯಾರೂ ಚಕಾರ ಎತ್ತುತ್ತಿರಲಿಲ್ಲ. ಬದುಕಿನಲ್ಲಿ ಅವನಿಗಿದ್ದ ದೊಡ್ಡಸ್ತಿಕೆ ಅದೊಂದೇ. ಅದನ್ನೂ ದಣಿದ ಮುಖದಲ್ಲೇ ಅನುಭವಿಸುತ್ತಿದ್ದ, ಪುಣ್ಯಾತ್ಮ.

2002ರ ಬೇಸಿಗೆಯಲ್ಲಿ ನರ್ಸರಿಯ ಕಾಫಿ ಸಸಿಗಳಿಗೆ ರಸ ಹೀರುವ ಹಿಟ್ಟು ತಿಗಣೆ ಹತ್ತಿತು. ಮಾಲೀಕರಾದ ಯೋಗಾನಂದ ಬೇವಿನೆಣ್ಣೆಗೆ ಸೋಪಿನ ನೀರು ಸೇರಿಸಿದರು, ಹಾಲಿನಂತೆ ಬೆಳ್ಳಗಾಯಿತು. ಮೇಲೊಂದಿಷ್ಟು ಸ್ಪಿರಿಟ್ ಹಾಕಿ ಕಲಕಿದ್ದೇ ತಡ, ಬಿಳುಪೆಲ್ಲ ಹೋಗಿ ತಿಳಿಯಾಯಿತು. "ಹೊಡಿಸು" ಎಂದವರೇ ಸಕಲೇಶಪುರಕ್ಕೆ ಜೀಪು ಹತ್ತಿದರು.

ಸೋಮಯ್ಯನಿಗೆ ಸಮಾಧಾನವಾಗಲಿಲ್ಲ. ಉರಿಬಿಸಿಲು, ಎಳೆ ಸಸಿ, ಸಾಲದ್ದಕ್ಕೆ ಸ್ಪಿರಿಟ್ಟು. ಸುಡದೆ ಇರುತ್ತದೆಯೇ? ಕೈ ತಾನಾಗಿ ಸುಣ್ಣದ ಕಡೆ ಹೋಯಿತು. ಒಂದು ಚೊಂಬು ಸುರಿದ. ಡ್ರಮ್ಮೆಲ್ಲ ಒಡೆದ ಹಾಲಿನಂತೆ ಗರಣೆ ಗರಣೆಯಾಯಿತು. ಸುಣ್ಣ ಸಾಲಲಿಲ್ಲವೆಂದುಕೊಂಡು ಇನ್ನೊಂದು ಚೊಂಬು ಸುರಿದ. ಗಟ್ಟಿಯನ್ನು ಬಟ್ಟೆಯಲ್ಲಿ ಸೋಸಿ ಹೊಡೆಸಿಯೂಬಿಟ್ಟ. ಅಯ್ಯೋ, ಒಡೆದದ್ದನ್ನು ಕಂಡಾದರೂ ನಿಲ್ಲಿಸಬಾರದಿತ್ತೆ!

ಮಾರನೆಯ ದಿನವೇ ಎಲೆಗಳು ಕಂದಿ ಸುರುಟಿದವು. ಸುಣ್ಣ ಹಾಕಿದ್ದನ್ನು ಸೋಮಯ್ಯನೇ ಹೇಳಿದ. ಯೋಗಾನಂದ ತಲೆ ಮೇಲೆ ಕೈ ಹೊತ್ತು ಕೂತರು.

"ಎಣ್ಣೆ ಕಣ್ಣಿಗೆ ಕಾಣ್ದಷ್ಟು ಸಣ್ಣ ಸಣ್ಣ ಹನಿ ಆಗಿತ್ತು ಕಣೋ. ಒಂದೊಂದು ಹನಿಗೂ ಸೋಪಿನ ಹೊದಿಕೆ. ಸ್ಪಿರಿಟ್ ಹಾಕಿದ್ದು ಹನಿ ಇನ್ನೂ ಸಣ್ಣದಾಗ್ಲಿ ಅಂತ. ನಿನ್ನ ಸುಣ್ಣ ಆ ಸೋಪನ್ನೇ ಹಿಡ್ಕಂಬುಡ್ತು. ಹೊದಿಕೆ ಹೋದ ಹನಿಗಳೆಲ್ಲ ಒಂದಕ್ಕೊಂದು ಕೂಡ್ಕಂಡು ಬರೀ ಎಣ್ಣೆ ಆದ್ವು. ಎಣ್ಣೆ ಮೆತ್ತಿದ ಎಲೆ ಈ ಬಿಸ್ಲಲ್ಲಿ ಉಳೀತದಾ ಮಾರಾಯ?"

"ಸುಡಬಾರ್ದು ಅಂತ್ಲೇ ಹಾಕ್ದೆ ಅಯ್ಯಾ." ಸೋಮಯ್ಯ ಸುರುಟಿದ ಎಲೆಯೊಂದನ್ನು ಕಿತ್ತು ನೋಡಿದ. "ನಾಳಿಂದ ಪಂಪು ಹೊರ್ಲಾ?"

"ಆ ಹೆಗಲಲ್ಲಿ ಎಂಥ ಪಂಪು? ಡ್ರಮ್ಮಿನ ಹತ್ರನೇ ಇರು. ನನ್ನ ಕೇಳ್ದೆ ಏನೂ ಹಾಕ್ಬ್ಯಾಡ, ಅಷ್ಟೆ."

ಬೈಯಲೂ ಇಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಅದೇ ಅವನಿಗೆ ಹೆಚ್ಚು ಭಾರವಾಯಿತು.

ಮಳೆಗಾಲಕ್ಕೆ ಮುಂಚೆ ಮೈಲುತುತ್ತ ಕಲಸುವ ದಿನ ಬಂತು. ಆಳುಗಳು ಪಂಪು ಹಿಡಿದು ಕಾಯುತ್ತಿದ್ದರು. ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ ಅದು. ಸೋಮಯ್ಯ ಸುಣ್ಣದ ನೀರಿನ ಚೊಂಬು ಎತ್ತಿದ, ಸುರಿಯಲಿಲ್ಲ. ಬಂಗಲೆಯ ಕಡೆ ತಿರುಗಿ ಕೂಗಿದ:

"ಅಯ್ಯಾ, ಹಾಕ್ಲಾ?"