ಬೋರಪ್ಪನ ಹಗ್ಗದ ಜಡೆ

ಭಾನುವಾರ ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬೋರಪ್ಪ ಐ.ಡಿ.ಹಳ್ಳಿಯ ಹಾಲಿನ ಡೇರಿ ಮುಂದಿನ ಹೊಂಗೆಮರದ ಕೆಳಗೆ ಸ್ಟೂಲಿನ ಮೇಲೆ ನಿಂತು, ಕೊಂಬೆಯಿಂದ ಇಳಿಬಿದ್ದ ಹಗ್ಗದ ಜಡೆಯನ್ನು ಕೈಯಿಂದ ಬಿಚ್ಚುತ್ತಿದ್ದ. ಕುಣಿಯುತ್ತ ಕಾಲಿನಲ್ಲಿ ಬಿಚ್ಚಬೇಕಾದ ಜಡೆ ಅದು. ಸಂಕ್ರಾಂತಿಯಿಂದೀಚೆಗೆ ಪ್ರತಿ ವಾರವೂ ಹೀಗೇ ಆಗುತ್ತಿತ್ತು.

ಜಡೆ ಕೋಲಾಟದ ಲೆಕ್ಕ ಸರಳ. ಕೊಂಬೆಗೆ ಕಟ್ಟಿದ ಹಗ್ಗಗಳ ತುದಿಯನ್ನು ಒಬ್ಬೊಬ್ಬರು ಎಡಗೈಯಲ್ಲಿ ಹಿಡಿಯುತ್ತಾರೆ, ಬಲಗೈಯಲ್ಲಿ ಕೋಲು. ಅರ್ಧ ಜನ ಎಡಕ್ಕೆ ಸುತ್ತುತ್ತಾರೆ, ಅರ್ಧ ಜನ ಬಲಕ್ಕೆ. ಎದುರಾದವರ ಕೋಲಿಗೆ ಕೋಲು ತಾಕಿಸಿ, ಒಬ್ಬರನ್ನು ಒಳಗಿನಿಂದ, ಮುಂದಿನವರನ್ನು ಹೊರಗಿನಿಂದ ದಾಟುತ್ತ ಹೋದರೆ ಮೇಲೆ ಜಡೆ ತಾನಾಗಿ ಹೆಣೆದುಕೊಳ್ಳುತ್ತದೆ. "ತಿರುಗು" ಅಂದಾಗ ಎಲ್ಲರೂ ಬಂದ ದಾರಿಯಲ್ಲೇ ವಾಪಸು ಸುತ್ತಬೇಕು. ಹೆಣೆದವರೇ ಬಿಚ್ಚಬೇಕು ಎಂಬುದು ಪದ್ಧತಿ. ಒಬ್ಬರು ತಿರುಗದಿದ್ದರೂ ಮಿಕ್ಕವರೆಲ್ಲ ನಿಂತಲ್ಲೇ ಸಿಕ್ಕಿಕೊಳ್ಳುತ್ತಾರೆ.

ಅಪ್ಪನ ಕಾಲದಲ್ಲಿ ಇಲ್ಲದ ಒಂದು ನಿಯಮವನ್ನು ಬೋರಪ್ಪ ಸೇರಿಸಿದ್ದ. ಎಡಕ್ಕೆ ಸುತ್ತುವವರು ವಯಸ್ಸಾದವರು, ಬಲಕ್ಕೆ ಸುತ್ತುವವರು ಹುಡುಗರು. ಆಗ ಹೆಜ್ಜೆ ಹೆಜ್ಜೆಗೂ ಹಳೆಯ ಮುಖಕ್ಕೆ ಹೊಸ ಮುಖ ಎದುರಾಗಲೇಬೇಕು. ಇದಕ್ಕೆ ಕಾರಣ ಮಾನಸ. ನಾಲ್ಕು ವರ್ಷದ ಹಿಂದೆ, ಕಾಲೇಜಿಗೆ ಹೋಗುವ ಈ ಹುಡುಗಿ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟು "ಯಾವೂರು ತಾತ?" ಎಂದು ಕೇಳಿದ್ದಳು. ಅವಳ ಮನೆ ಇದ್ದದ್ದು ಅವನ ಹಿಂದಿನ ಬೀದಿಯಲ್ಲಿ. ಕುರಿ ಕಾಯ್ದು ಬೆಳೆದ ಬೋರಪ್ಪ ಯಾರ ಮಂದೆಯಲ್ಲಿ ಬೆರೆತಿದ್ದರೂ ತನ್ನ ಕುರಿಯನ್ನು ಮುಖ ನೋಡಿ ಹೇಳಬಲ್ಲವನು. "ಒಂದೇ ಊರಾಗೆ ಮನುಸ್ರ ಮಕ ಗುರ್ತಿಲ್ಲ ಅಂದ್ರೆ ಹೆಂಗೆ?" ಎಂದು ಹೆಂಡತಿ ಹೊನ್ನಕ್ಕನ ಮುಂದೆ ಗೊಣಗಿ, ಭಾನುವಾರ ಹೊಂಗೆಮರದ ಹತ್ತಿರ ಬನ್ನಿ ಎಂದು ಮನೆಮನೆಗೆ ಹೇಳಿಬಂದ.

ಸೇರಿದ್ದು ಆರು ಜನ. ಅವನು, ಹೊನ್ನಕ್ಕ, ನೆರೆಯ ಓಬಳಮ್ಮ ಒಂದು ಕಡೆ. ಮಾನಸ ಮತ್ತು ಅವಳ ಇಬ್ಬರು ಗೆಳತಿಯರು ಇನ್ನೊಂದು ಕಡೆ. ಬೋರಪ್ಪ ಹಗ್ಗ ಕಟ್ಟಲಿಲ್ಲ. ಜನ ಸಾಲದು ಎಂದು ಎಲ್ಲರನ್ನೂ ಕಳಿಸಿ, ನೇರ ಚಿಕ್ಕನರಸಯ್ಯನ ಮನೆಗೆ ಹೋದ. ಹುಡುಗರಾಗಿದ್ದಾಗ ಇಬ್ಬರೂ ಒಂದೇ ಜಡೆ ಹೆಣೆದವರು. ಹೆಂಡತಿ ತೀರಿಕೊಂಡ ಮೇಲೆ ಚಿಕ್ಕನರಸಯ್ಯ ಹೊಸ್ತಿಲು ದಾಟಿರಲಿಲ್ಲ.

"ಏಳ್ಲಾ ನರಸ. ನೀನಿಲ್ದೆ ಜನ ಸಾಲ್ದು."

"ನನ್ನ ಮಂಡಿ ಹಳೇ ಬಾಗ್ಲಂಗೆ ಕಿರುಗುಟ್ತದೆ ಕಣ್ಲಾ."

"ಕಿರುಗುಟ್ಲಿ ಬುಡು, ತಾಳಕ್ಕಾಯ್ತದೆ."

ಚಿಕ್ಕನರಸಯ್ಯ ಎದ್ದ. ಅವನಿಗೆ ಎದುರು ಜೋಡಿಯಾಗಿ ಬಸ್‌ಸ್ಟ್ಯಾಂಡಿನ ಪಂಚರ್ ಅಂಗಡಿಯ ಸುಹೇಲ್ ಬಂದ. ಸಿರಾ ಕಡೆಯಿಂದ ಬಂದು ನೆಲೆಸಿದವರ ಮಗ. ಮೊದಲ ದಿನದಿಂದಲೇ ಇಬ್ಬರಿಗೂ ಜಟಾಪಟಿ.

"ಮೆಲ್ಲಗೆ ಹೊಡಿ ತಾತ, ಟೈರ್ ಬಿಚ್ಚೋ ಕೈ ಇದು!"

"ನೀನು ಬಿಚ್ಚಿದ ಟೈರು ತಿರ್ಗಾ ಗಾಡಿ ಸೇರಿದ್ದ ನಾನು ಕಂಡಿಲ್ಲ ಕಣ್ಲಾ!"

ಮೂರು ವರ್ಷ ಹೀಗೇ ನಡೆಯಿತು. ಆಮೇಲೆ ಚಿಕ್ಕನರಸಯ್ಯ ಕೋಲು ಮರೆತು ಬರತೊಡಗಿದ. ಸುಹೇಲ್‌ನ ಹೆಸರು ಮರೆತ. ಒಂದು ದಿನ ತನ್ನ ಮನೆ ದಾಟಿಕೊಂಡು ಮುಂದಕ್ಕೆ ಹೋಗಿಬಿಟ್ಟ. ಆದರೆ ಹಗ್ಗ ಕೈಗೆ ಕೊಟ್ಟರೆ ಹೆಜ್ಜೆ ತಪ್ಪುತ್ತಿರಲಿಲ್ಲ. ಒಳಗೆ, ಹೊರಗೆ, ಒಳಗೆ, ಹೊರಗೆ: ಹುಡುಗರಿಗಿಂತ ಬಿಗಿಯಾಗಿ ಹೆಣೆಯುತ್ತಿದ್ದ. ತಿರುಗುವುದೊಂದು ಮರೆತುಹೋಗಿತ್ತು.

ಈ ದಿನವೂ, ಸ್ಟೂಲು ಹತ್ತುವ ಮೊದಲು, ಆದದ್ದು ಅಷ್ಟೇ. ಬೋರಪ್ಪ "ತಿರುಗು" ಎಂದು ಕೂಗಿದ. ಏಳು ಜನ ತಿರುಗಿದರು. ಚಿಕ್ಕನರಸಯ್ಯ ಮುಂದಕ್ಕೇ ಹೋಗಿ, ಎದುರಿಗೆ ಬಂದ ಓಬಳಮ್ಮನ ಕೋಲಿಗೆ ಟಕ್ ಎಂದು ಹೊಡೆದು, ದಾಟಿಹೋಗಲು ನೋಡಿದ.

"ಅಯ್ಯೋ ನಾನು ಕಣಣ್ಣ, ಓಬಳಿ! ಆ ಕಡೀಕ್ ತಿರುಗು!"

ಅವನು ಹೊಸಬರನ್ನು ಕಂಡವನ ಹಾಗೆ ಮರ್ಯಾದೆಯಿಂದ ನಕ್ಕು, ಇನ್ನೊಮ್ಮೆ ಕೋಲು ತಾಕಿಸಿದ.

ಬೋರಪ್ಪ ಎಲ್ಲ ರೀತಿಯಲ್ಲೂ ಪ್ರಯತ್ನಿಸಿ ನೋಡಿದ್ದ. ಭುಜ ಹಿಡಿದು ತಿರುಗಿಸಿದರೆ ನರಸ ಎರಡು ಹೆಜ್ಜೆ ಬಂದು ಮತ್ತೆ ಮೊದಲಿನ ಕಡೆಗೇ ಹೊರಳುತ್ತಿದ್ದ. ತಾನೇ ಮುಂದೆ ನಿಂತು ದಾರಿ ತೋರಿಸಿದರೆ, ಬೋರಪ್ಪನ ಬೆನ್ನನ್ನು ಕೋಲಿನಿಂದ ತಟ್ಟಿ "ಲೇ, ಉಲ್ಟಾ ಹೋಗ್ತಿದ್ದೀಯ" ಎಂದು ತಿದ್ದುತ್ತಿದ್ದ. ಕೈಯಿಂದ ಹಗ್ಗ ಬಿಡಿಸಿಕೊಳ್ಳಲು ಹೋದ ದಿನ ಮಗುವಿನ ಹಾಗೆ ಅತ್ತಿದ್ದ.

ಬೋರಪ್ಪ ಜಡೆಯ ಕೊನೆಯ ಗಂಟು ಬಿಚ್ಚಿ ಸ್ಟೂಲಿನಿಂದ ಇಳಿದ. ಅಷ್ಟರಲ್ಲಿ ಚಿಕ್ಕನರಸಯ್ಯನ ಸೊಸೆ ಜಗದಾಂಬ ಮಾವನನ್ನು ಕರೆದೊಯ್ಯಲು ಬಂದಳು.

"ಡಾಕ್ಟ್ರು ಏನಂದ್ರಮ್ಮ?" ಎಂದು ಬೋರಪ್ಪ ಕೇಳಿದ.

"ಹೋಗಿದ್ದು ವಾಪಸ್ ಬರಾಕಿಲ್ವಂತೆ ದೊಡ್ಡಪ್ಪ. ಕುಣಿಯಾಕೆ ಮಾತ್ರ ಕಳಿಸ್ತಾ ಇರಿ ಅಂದ್ರು. ಭಾನುವಾರ ಒಂದಿನ ಹೊಟ್ಟೆ ತುಂಬ ಉಂಡು ಮಲಗ್ತದೆ ಇದು. ಮಿಕ್ಕ ದಿನ ಗ್ವಾಡೆ ನೋಡ್ಕಂಡು ಕೂತಿರ್ತದೆ."

ಚಿಕ್ಕನರಸಯ್ಯ ಹಗ್ಗವಿಲ್ಲದ ಎಡಗೈ ಎತ್ತಿ ಹಿಡಿದು, ಮರ ನೋಡುತ್ತ ನಿಂತಿದ್ದ. ಸುಹೇಲ್ ಅವನ ಎದುರು ಹೋಗಿ ತನ್ನ ಕೋಲು ಚಾಚಿದ. ಮುದುಕ ತಾಕಿಸಿದ. ಇಬ್ಬರೂ ಹಾಗೆ ಸ್ವಲ್ಪ ಹೊತ್ತು ಕೋಲು ಹಾಕಿದರು. ಜಗದಾಂಬ ಮಾವನ ಕೈ ಹಿಡಿದು ಕರೆದುಕೊಂಡು ಹೋದಳು.

ಮಾನಸ ಹಗ್ಗ ಸುತ್ತುತ್ತ ಹತ್ತಿರ ಬಂದಳು. ಮಧುಗಿರಿಯಲ್ಲಿ ನಡೆಯುವ ಹಿರಿಯರ ದಿನದ ಕಾರ್ಯಕ್ರಮಕ್ಕೆ ಕರೆ ಬಂದಿತ್ತು. ಹುಡುಗರು ತಿಂಗಳಿಂದ ಅದೇ ಗುಂಗಿನಲ್ಲಿದ್ದರು.

"ತಾತ, ತಪ್ಪು ತಿಳ್ಕೋಬೇಡಿ. ಮೊಬೈಲಲ್ಲಿ ನೋಡ್ದೆ. ಆರು ಜನ ಇದ್ರೂ ಜಡೆ ಆಗುತ್ತೆ, ಅಲ್ವಾ?"

"ಆಯ್ತದೆ."

"ಜೋಡಿ ತಪ್ಪಬಾರ್ದು ಅಂತ ಸುಹೇಲ್ 'ನಾನೂ ಬಿಟ್ಕೊಡ್ತೀನಿ' ಅಂದ. ಸ್ಟೇಜ್ ಮೇಲೆ ನರಸಯ್ಯ ತಾತನ್ನ ನೋಡಿ ಜನ ನಗೋದು ಬೇಡ."

ಬೋರಪ್ಪ ಮರದ ಬುಡದಲ್ಲಿ ಕೂತ. ಹುಡುಗಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹುಡುಗರು ಬೇಸತ್ತು ಬರುವುದನ್ನು ಬಿಟ್ಟರೆ ಇಡೀ ಆಟವೇ ನಿಲ್ಲುತ್ತದೆ. ನರಸನನ್ನು ಬಿಟ್ಟರೆ, ಅವನಿಗೆ ಉಳಿಯುವುದು ಗೋಡೆ. ಎರಡನ್ನೂ ಉಳಿಸುವ ಹೆಜ್ಜೆ ಯಾವುದೂ ಅವನಿಗೆ ಗೊತ್ತಿರಲಿಲ್ಲ.

"ಮಧುಗಿರಿಯವ್ರು ಈಗ ಫೋನ್ ಮಾಡ್ತಾರೆ. ಎಷ್ಟು ಜನ ಅಂತ ಹೇಳ್ಲಿ ತಾತ?"

ಬೋರಪ್ಪ ಕೋಲಿನ ತುದಿಯಿಂದ ಮಣ್ಣಿನಲ್ಲಿ ಒಂದು ಸುತ್ತು ಗೀಚಿ, ಕಾಲಿನಿಂದ ಅಳಿಸಿದ. ಫೋನು ಹಿಡಿದು ಮಾನಸ ಕಾಯುತ್ತಿದ್ದಳು.

ನಾಲ್ಕು ವರ್ಷದ ಹಿಂದೆ, ಇದೇ ಮರದ ಕೆಳಗೆ, ಆ ಮೊದಲ ಭಾನುವಾರ ಅವಳು ಇದನ್ನೇ ಕೇಳಿದ್ದಳು: ಎಷ್ಟು ಜನ ಬೇಕು? ಆರು ಸಾಕೆಂದು ಅವನಿಗೆ ಆ ದಿನವೂ ಗೊತ್ತಿತ್ತು. ಆದರೂ ನರಸನ ಮನೆ ಕಡೆ ಒಮ್ಮೆ ನೋಡಿ, ಡೇರಿ ಮುಂದೆ ನಿಂತವರಿಗೆಲ್ಲ ಕೇಳುವಂತೆ ಹೇಳಿದ್ದ: "ಎಂಟು."